ಪೇಟಿಯ ಹಿಂದೆ ಕೂತ ಹುಡುಗ

ನಮ್ಮೂರಿನ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ ಅಜ್ಜನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲರಿಗೂ ಅವರು ಪೇಟಿ ಮಾಸ್ತರ. ರಾತ್ರಿ ಊಟ ಮುಗಿಸಿ ಜನ ಸೇರಿದ ಮೇಲೆ ಆಟ ಶುರುವಾದರೆ ಕೋಳಿ ಕೂಗುವವರೆಗೂ ನಡೆಯುತ್ತಿತ್ತು. ದೂತಿ ಬರುತ್ತಿದ್ದಳು, ಸತ್ಯಭಾಮೆ ಬರುತ್ತಿದ್ದಳು, ಕೃಷ್ಣ ಬರುತ್ತಿದ್ದ. ಜನರ ಕಣ್ಣೆಲ್ಲ ಅವರ ಮೇಲೆ. ನಾನು ಮಾತ್ರ ಮಾಸ್ತರರ ಕೈ ನೋಡುತ್ತಾ ಕೂರುತ್ತಿದ್ದೆ. ಎಡಗೈ ತಿದಿ ಒತ್ತುತ್ತಿತ್ತು. ಸತ್ಯಭಾಮೆ ಪದ ಎತ್ತಿಕೊಳ್ಳುವ ಮುಂಚೆ ಆ ಕೈ ಒಂದು ಗಳಿಗೆ ನಿಧಾನವಾಗುತ್ತಿತ್ತು. ಬಲಗೈಯ ಒಂದೇ ಬೆರಳು ಒಂದೇ ಮನೆಯನ್ನು ಒತ್ತಿ ಹಿಡಿಯುತ್ತಿತ್ತು. ಅವಳು ತಡವರಿಸುವ ಜಾಗ ಅವಳಿಗಿಂತ ಮೊದಲು ಆ ಬೆರಳಿಗೆ ಗೊತ್ತಿರುತ್ತಿತ್ತು.

ಒಂದು ಸಲ ಕೇಳಿದ್ದೆ, ‘ನೀವ್ಯಾಕ ಹಾಡಂಗಿಲ್ರಿ ಅಜ್ಜಾ?’ ಅಂತ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: ‘ಹಾಡಾವಗ ಅವನ ಪದ ಅಷ್ಟ ಬರ್ತಾವ. ಪೇಟಿ ಬಾರಸಾವಗ ಎಲ್ಲಾರ ಪದಾನೂ ಬರ್ತಾವ.’

ಈ ಮಾತು ಎಷ್ಟೋ ವರ್ಷಗಳ ಮೇಲೆ ನೆನಪಾಗಿದ್ದು ಪಂಚಗಣಿಯಲ್ಲಿ.

ಜಮಖಂಡಿ ಸೀಮೆಯ ನಮಗೆ ಮಹಾಬಳೇಶ್ವರ ಅಂದರೆ ಕೃಷ್ಣೆ ಹುಟ್ಟುವ ಜಾಗ. ನಮ್ಮ ಹೊಲಕ್ಕೆ ಬರುವ ನೀರು, ನಾವು ಈಜು ಕಲಿತ ನೀರು, ಪೂರ ಬಂದಾಗ ಅಡುಗೆ ಮನೆಯವರೆಗೂ ಬರುವ ನೀರು, ಎಲ್ಲ ಅಲ್ಲಿಂದಲೇ. ಹಾಗಾಗಿ ಆ ಕಡೆ ಪ್ರವಾಸ ಹೋದವರು ಅಲ್ಲಿಯ ಹಳೆಯ ಗುಡಿಯಲ್ಲಿ ಕೈಮುಗಿದೇ ಬರುತ್ತಾರೆ. ನಾವೂ ಹಾಗೇ ಹೋಗಿದ್ದು. ಬರುವಾಗ ದಾರಿಯಲ್ಲಿ ಪಂಚಗಣಿ. ಟೇಬಲ್ ಲ್ಯಾಂಡ್ ಅನ್ನುವ ಆ ಚಪ್ಪಟೆ ಕಲ್ಲುಬಯಲು, ಸಿಲ್ವರ್ ಓಕ್ ಮರಗಳು, ಸಾಲು ಸಾಲು ಬೋರ್ಡಿಂಗ್ ಶಾಲೆಗಳು. ಅಂಚಿಗೆ ಬಂದು ಕೆಳಗೆ ನೋಡಿದರೆ ಕೃಷ್ಣೆಯ ಕಣಿವೆ. ಈಗ ಧೋಮ್ ಅಣೆಕಟ್ಟಿನ ಹಿನ್ನೀರು ಅಗಲವಾಗಿ ಹರಡಿಕೊಂಡು ಹೊಳೆಯುತ್ತದೆ. ನಾನು ಹೇಳಹೊರಟಿರುವ ಹುಡುಗ ಅಲ್ಲಿದ್ದಾಗ ಆ ಅಣೆಕಟ್ಟು ಇರಲಿಲ್ಲ. ಅವನು ನೋಡಿದ್ದು ತೆಳ್ಳಗೆ ಹರಿಯುವ ನದಿಯನ್ನು.

ಅವನ ಹೆಸರು ಫರೋಖ್ ಬಲ್ಸಾರಾ. ಜಗತ್ತಿಗೆ ಗೊತ್ತಿರುವುದು ಫ್ರೆಡ್ಡಿ ಮರ್ಕ್ಯುರಿ ಅಂತ. ಇಂಗ್ಲೆಂಡಿನ ಕ್ವೀನ್ ಅನ್ನುವ ರಾಕ್ ಬ್ಯಾಂಡಿನ ಹಾಡುಗಾರ. 1985ರಲ್ಲಿ ಇಥಿಯೋಪಿಯಾದ ಬರಕ್ಕೆ ಹಣ ಕೂಡಿಸಲು ನಡೆದ ಲೈವ್ ಏಡ್ ಕಚೇರಿಯಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನ 70 ಸಾವಿರಕ್ಕೂ ಜಾಸ್ತಿ ಜನರನ್ನು ಬರೀ ಕೊರಳಿನಿಂದ ಆಡಿಸಿದವನು. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನನ್ನು ಕಾಡುವುದು ಆ ಸಂಜೆಯಲ್ಲ. ಅದಕ್ಕಿಂತ ಮೊದಲಿನ ವರ್ಷಗಳು. ಶಾಲೆಯ ಬ್ಯಾಂಡಿಗೆ ಸೇರಿದ ದಿನದಿಂದ ತನ್ನದೇ ಬ್ಯಾಂಡಿನ ನಡುವೆ ಮೈಕ್ ಹಿಡಿದು ನಿಲ್ಲುವವರೆಗೆ ಅವನಿಗೆ ಹೆಚ್ಚುಕಡಿಮೆ 12 ವರ್ಷ ಹಿಡಿಯಿತು. ಆ 12 ವರ್ಷದಲ್ಲಿ ಜಾಸ್ತಿ ಕಾಲ ಅವನು ಪಕ್ಕದಲ್ಲಿ ಕೂತವನು.

ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಜಾಂಜಿಬಾರ್‌ನಲ್ಲಿ. ಆಫ್ರಿಕಾದ ಪೂರ್ವ ಕರಾವಳಿಯ ಲವಂಗದ ದ್ವೀಪ ಅದು. ಹೆಸರಿಗೆ ಸುಲ್ತಾನನ ರಾಜ್ಯ, ಆಳ್ವಿಕೆ ಬ್ರಿಟಿಷರದು. ಅಪ್ಪ ಬೋಮಿ ಅಲ್ಲಿಯ ಹೈಕೋರ್ಟಿನಲ್ಲಿ ಕ್ಯಾಷಿಯರ್. ಅಮ್ಮ ಜೆರ್. ಗುಜರಾತಿನ ಪಾರ್ಸಿಗಳು. ಬಲ್ಸಾರ್, ಅಂದರೆ ಈಗಿನ ವಲ್ಸಾಡ್ ಊರಿನ ಹೆಸರೇ ಮನೆತನದ ಹೆಸರಾಗಿತ್ತು. ಮನೆಯಲ್ಲಿ ಗುಜರಾತಿ, ಬೀದಿಯಲ್ಲಿ ಸ್ವಾಹಿಲಿ, ಕಚೇರಿಯಲ್ಲಿ ಇಂಗ್ಲಿಷ್. ಆರು ವರ್ಷಕ್ಕೆ ತಂಗಿ ಕಶ್ಮೀರಾ ಹುಟ್ಟಿದಳು. ಇನ್ನೆರಡು ವರ್ಷಕ್ಕೆ ಹುಡುಗನನ್ನು ಓದಿಗೆ ಅಂತ ಹಡಗು ಹತ್ತಿಸಿದರು. ಅರಬ್ಬಿ ಸಮುದ್ರ ದಾಟಿ ಬೊಂಬಾಯಿ, ಅಲ್ಲಿಂದ ಪುಣೆ ದಾಟಿ ಘಟ್ಟ ಹತ್ತಿ ಪಂಚಗಣಿ. ಸೇಂಟ್ ಪೀಟರ್ಸ್ ಶಾಲೆ. ಎಂಟು ವರ್ಷದ ಹುಡುಗ.

ಎಂಟು ವರ್ಷ ಅಂದರೆ ಎಷ್ಟು ಅನ್ನುವುದು ಹಾಸ್ಟೆಲ್ ಕಂಡವರಿಗೇ ಗೊತ್ತು.

ನನ್ನನ್ನು ಹಾಸ್ಟೆಲಿಗೆ ಹಾಕಿದಾಗ ನನಗೆ ಹನ್ನೊಂದು. ಊರಿನಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿ ಅಷ್ಟೇ. ಹಸಿರು ಬಣ್ಣ ಬಳಿದ ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು. ಒಳಗೆ ಅವ್ವ ಕಟ್ಟಿಕೊಟ್ಟ ಕಟಕಟಿ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿ ಮುಗಿದು ಎಷ್ಟು ದಿನವಾದರೂ ಟ್ರಂಕಿನ ಮೂಲೆಯಲ್ಲಿ ಆ ಹಿಂಡಿಯ ವಾಸನೆ ಇರುತ್ತಿತ್ತು. ರಾತ್ರಿ ದೀಪ ಆರಿಸಿದ ಮೇಲೆ ಮುಚ್ಚಳ ಒಂದಿಷ್ಟೇ ತೆರೆದು ಮೂಗು ಇಟ್ಟು ಮಲಗುತ್ತಿದ್ದೆ. ಶನಿವಾರ ಬಸ್ಸು ಹತ್ತಿದರೆ ಮನೆ ಸಿಗುತ್ತಿದ್ದ ನನಗೇ ಹಾಗಾಗುತ್ತಿತ್ತು. ಅವನ ಮನೆ ಸಮುದ್ರದ ಆಚೆ. ಅಪ್ಪ ಅಮ್ಮನನ್ನು ನೋಡಲು ಒಂದೊಂದು ಸಲ ವರ್ಷವೇ ಕಾಯಬೇಕು. ಸಣ್ಣ ರಜೆಗಳಿಗೆ ಬೊಂಬಾಯಿಯ ನೆಂಟರ ಮನೆಯೇ ಗತಿ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅವನಿಗೆ ಬಾಯಲ್ಲಿ ನಾಲ್ಕು ಹಲ್ಲು ಜಾಸ್ತಿ ಇದ್ದವು. ಹಾಗಾಗಿ ಮುಂದಿನ ಹಲ್ಲು ಹೊರಗೆ ಚಾಚಿದ್ದವು. ಶಾಲೆಯಲ್ಲಿ ಹುಡುಗರು ‘ಬಕ್ಕಿ’ ಅಂತ ಕರೆದರು. ಇದನ್ನು ಓದಿದಾಗ ನನಗೆ ನಮ್ಮ ಹಾಸ್ಟೆಲಿನ ಒಬ್ಬ ಹುಡುಗ ಕಣ್ಣ ಮುಂದೆ ಬಂದ. ಅವನನ್ನು ನಾವು ಹಲ್ಲುಬ್ಬ ಅನ್ನುತ್ತಿದ್ದೆವು. ನಾನೂ ಅಂದಿದ್ದೇನೆ. ಅವನು ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಫ್ರೆಡ್ಡಿಯ ಹಳೆಯ ಸಂದರ್ಶನಗಳನ್ನು ನೋಡಿ. ನಗು ಬಂದಾಗ ಮೇಲ್ದುಟಿಯನ್ನು ಕೆಳಗೆ ಎಳೆದುಕೊಳ್ಳುತ್ತಾನೆ, ಇಲ್ಲವೇ ಕೈ ಅಡ್ಡ ಬರುತ್ತದೆ. ಲಕ್ಷ ಲಕ್ಷ ಜನರ ಮುಂದೆ ಎದೆ ಸೆಟೆದು ನಿಂತವನ ಆ ಕೈ ಮಾತ್ರ ಪಂಚಗಣಿಯಲ್ಲೇ ಉಳಿದುಬಿಟ್ಟಿತ್ತು. ದುಡ್ಡು ಬಂದ ಮೇಲೂ ಅವನು ಆ ಹಲ್ಲು ತೆಗೆಸಲಿಲ್ಲ. ತೆಗೆಸಿದರೆ ದನಿ ಕೆಟ್ಟೀತು ಅನ್ನುವ ಹೆದರಿಕೆ.

ಶಾಲೆಯಲ್ಲಿ ಅವನು ಎಲ್ಲದಕ್ಕೂ ಮುಂದು. ಟೇಬಲ್ ಟೆನಿಸ್ ಚೆನ್ನಾಗಿ ಆಡುತ್ತಿದ್ದ. ಬಾಕ್ಸಿಂಗ್ ಕೂಡ ಮಾಡಿದ. ಚಿತ್ರ ಬರೆಯುತ್ತಿದ್ದ, ನಾಟಕದಲ್ಲಿ ಪಾತ್ರ ಮಾಡುತ್ತಿದ್ದ. ‘ಫ್ರೆಡ್ಡಿ’ ಅನ್ನುವ ಹೆಸರೂ ಇಲ್ಲೇ ಹುಟ್ಟಿದ್ದು. ಮುಂದೆ ಮನೆಯವರೂ ಅದನ್ನೇ ಕರೆಯತೊಡಗಿದರು. ಆದರೆ ದಾರಿ ತಿರುಗಿಸಿದ್ದು ಒಂದು ಕಾಗದ. ಶಾಲೆಯ ಮುಖ್ಯಸ್ಥರು ಹುಡುಗನ ಬೆರಳಿನಲ್ಲಿ ಸಂಗೀತವಿದೆ ಅಂತ ಗಮನಿಸಿ, ಜಾಂಜಿಬಾರ್‌ಗೆ ಪತ್ರ ಬರೆದರು. ಸ್ವಲ್ಪ ಹೆಚ್ಚಿನ ಫೀಸು ಕೊಟ್ಟರೆ ಪಿಯಾನೋ ಕಲಿಸಬಹುದು, ಏನಂತೀರಿ ಅಂತ. ಅಪ್ಪ ಅಮ್ಮ ಹೂಂ ಅಂದರು. ಹುಡುಗ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ನಾಲ್ಕನೆಯ ಗ್ರೇಡ್‌ವರೆಗೆ ಪಾಸಾದ. ಅಷ್ಟೇ ಅವನ ಶಾಸ್ತ್ರೀಯ ಕಲಿಕೆ.

ಆ ಪತ್ರದ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಸರ್ಕಾರಿ ನೌಕರನ ಮನೆ. ಮಗನ ಬೋರ್ಡಿಂಗ್ ಖರ್ಚೇ ಒಂದು ಭಾರ. ಅದರ ಮೇಲೆ ಪಿಯಾನೋ ಫೀಸು. ಬೇಡ ಅಂದಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಓದುವುದು ಬಿಟ್ಟು ಇದೇನು ಅಂತ ಬರೆದು ಕಳಿಸುವ ಅಪ್ಪಂದಿರೇ ಜಾಸ್ತಿ, ಅಲ್ವಾ?

1958ರ ಸುಮಾರಿಗೆ, ಹನ್ನೆರಡರ ವಯಸ್ಸಿನಲ್ಲಿ, ಐವರು ಹುಡುಗರು ಸೇರಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು ದಿ ಹೆಕ್ಟಿಕ್ಸ್. ಹಾಡುಗಾರ ಬ್ರೂಸ್ ಮರ್ರೆ. ಗಿಟಾರಿಗೆ ಡೆರಿಕ್ ಬ್ರಾಂಚ್, ಮುಂದೆ ಇಂಗ್ಲೆಂಡಿನಲ್ಲಿ ನಟನಾದ. ಡ್ರಮ್ಸ್‌ಗೆ ವಿಕ್ಟರಿ ರಾಣಾ, ಮುಂದೆ ನೇಪಾಳದ ಸೇನೆಯಲ್ಲಿ ಜನರಲ್ ಆದ. ಬೇಸ್ ಗಿಟಾರ್ ಎಲ್ಲಿಂದ ತರುವುದು? ಚಹಾಪುಡಿ ತುಂಬುವ ಮರದ ಪೆಟ್ಟಿಗೆಗೆ ಒಂದು ಕೋಲು, ಒಂದು ತಂತಿ ಕಟ್ಟಿ ಅದನ್ನೇ ಬೇಸ್ ಮಾಡಿಕೊಂಡರು. ಅದನ್ನು ಬಾರಿಸಿದವನು ಫರಾಂಗ್ ಇರಾನಿ. ಹಾಡಿದ್ದು ಎಲ್ವಿಸ್, ಕ್ಲಿಫ್ ರಿಚರ್ಡ್, ಲಿಟ್ಲ್ ರಿಚರ್ಡ್, ಫ್ಯಾಟ್ಸ್ ಡೊಮಿನೊ ಹಾಡುಗಳು.  ರೇಡಿಯೋ ಸಿಲೋನ್ ಹಚ್ಚಿದರೆ ಪಾಶ್ಚಾತ್ಯ ಪಾಪ್ ಕಿವಿಗೆ ಬೀಳುತ್ತಿತ್ತು. ಫ್ರೆಡ್ಡಿ ಒಂದು ಹಾಡನ್ನು ಒಂದು ಸಲ ಕೇಳಿದರೆ ಸಾಕಿತ್ತು, ಪಿಯಾನೋ ಮುಂದೆ ಕೂತು ಬಾರಿಸಿಬಿಡುತ್ತಿದ್ದ ಅಂತ ಜೊತೆಗಾರರು ಮುಂದೆ ನೆನೆದಿದ್ದಾರೆ. ಶಾಲೆಯ ಕಾರ್ಯಕ್ರಮಗಳಲ್ಲಿ ಹೆಕ್ಟಿಕ್ಸ್ ಬಂದರೆ ಪಕ್ಕದ ಶಾಲೆಯ ಹುಡುಗಿಯರು ಕಿರುಚುತ್ತಿದ್ದರಂತೆ.

ಕಿರುಚುತ್ತಿದ್ದದ್ದು ಮುಂದೆ ನಿಂತ ಬ್ರೂಸ್‌ಗೆ. ಫ್ರೆಡ್ಡಿ ಪಿಯಾನೋ ಹಿಂದೆ.

ಇಲ್ಲೇ ನನಗೆ ಪೇಟಿ ಮಾಸ್ತರ ನೆನಪಾದದ್ದು. ಜೀವನಚರಿತ್ರೆ ಬರೆಯುವವರು ಈ ಹೆಕ್ಟಿಕ್ಸ್ ಕಾಲವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಶಾಲೆಯ ಬ್ಯಾಂಡ್, ನಾಚಿಕೆಯ ಹುಡುಗ, ಮುಂದಕ್ಕೆ ಹೋಗೋಣ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಹಾಡುವವನ ಬೆನ್ನು ನೋಡುತ್ತಾ ಕೂತವನಿಗೆ ಕಾಣುವುದು ಬೇರೆ. ಹಾಡುಗಾರ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಸಾಲಿಗೆ ಜನ ಎದ್ದು ಕೂರುತ್ತಾರೆ, ಎಲ್ಲಿ ಅವರ ಗಮನ ಜಾರುತ್ತದೆ, ಅದೆಲ್ಲ ಪಕ್ಕದಲ್ಲಿ ಕೂತವನಿಗೆ ಸಿಗುವ ಪಾಠ. ಮುಂದೆ ಅವನು ಕ್ವೀನ್‌ಗಾಗಿ ಹಾಡುಗಳನ್ನು ಕಟ್ಟಿದ್ದೂ ಹೆಚ್ಚಾಗಿ ಪಿಯಾನೋ ಮುಂದೆ ಕೂತೇ. ಗಿಟಾರಿನವರಿಗೆ ಕಷ್ಟವಾಗುವ ಕರಿಮನೆಗಳ ಶ್ರುತಿಗಳು ಅವನ ಹಾಡಿನಲ್ಲಿ ಎಷ್ಟೊಂದು ಬರುತ್ತವೆ. ಆ ಬೆರಳು ಪಂಚಗಣಿಯದು.

ಓದು ಮಾತ್ರ ಕೈಹಿಡಿಯಲಿಲ್ಲ. 1963ರ ಹೊತ್ತಿಗೆ ಶಾಲೆ ಬಿಟ್ಟು ಜಾಂಜಿಬಾರ್‌ಗೆ ಮರಳಿದ. ಆ ವರ್ಷ ಡಿಸೆಂಬರ್ 10ರಂದು ದ್ವೀಪಕ್ಕೆ ಸ್ವಾತಂತ್ರ್ಯ ಬಂತು. ಒಂದು ತಿಂಗಳು ಕಳೆದು ಎರಡು ದಿನವಾಗಿತ್ತಷ್ಟೇ, 1964ರ ಜನವರಿ 12ರಂದು ಕ್ರಾಂತಿ. ಸುಲ್ತಾನ ಓಡಿಹೋದ. ಅರಬರು, ಭಾರತೀಯರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಬಲ್ಸಾರಾ ಕುಟುಂಬ ಹೊರಡಲೇಬೇಕಾಯಿತು. ಕೈಗೆ ಸಿಕ್ಕಷ್ಟು ಸಾಮಾನು ತುಂಬಿಕೊಂಡು ಇಂಗ್ಲೆಂಡಿಗೆ ಬಂದರು. ಹುಡುಗನಿಗೆ 17.

ಎಂಟು ವರ್ಷಕ್ಕೆ ಒಂದು ಮನೆ ಹೋಯಿತು. ಹದಿನೇಳಕ್ಕೆ ಊರೇ ಹೋಯಿತು.

ಲಂಡನ್ ಅಂದರೆ ಬಣ್ಣದ ಲಂಡನ್ ಅಲ್ಲ. ಫೆಲ್ತಮ್ ಅನ್ನುವ ಹೊರವಲಯ, ಹೀಥ್ರೂ ವಿಮಾನ ನಿಲ್ದಾಣಕ್ಕೆ ಹತ್ತಿರ. 22, ಗ್ಲ್ಯಾಡ್‌ಸ್ಟನ್ ಅವೆನ್ಯೂ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ಒಂದು ಪುಟ್ಟ ಮನೆ. ಈಗ ಅದರ ಗೋಡೆಗೆ ನೀಲಿ ಫಲಕವಿದೆ, 2016ರಲ್ಲಿ ಹಾಕಿದ್ದು. ಆಗ ಆ ಬೀದಿಗೆ ಅವರು ಇನ್ನೊಂದು ವಲಸೆ ಕುಟುಂಬ ಅಷ್ಟೇ. ಹೈಕೋರ್ಟಿನ ಕ್ಯಾಷಿಯರ್ ಆಗಿದ್ದ ಅಪ್ಪ ಒಂದು ಕೇಟರಿಂಗ್ ಕಂಪನಿಯಲ್ಲಿ ಲೆಕ್ಕ ಬರೆದರು. ಅಮ್ಮ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಮಗ ಐಸಲ್‌ವರ್ತ್ ಪಾಲಿಟೆಕ್ನಿಕ್‌ನಲ್ಲಿ ಚಿತ್ರಕಲೆ ಓದಿದ. ರಜೆಯಲ್ಲಿ ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತಿ ಇಳಿಸುವ ಕೆಲಸ ಮಾಡಿದ.

1966ರ ಸೆಪ್ಟೆಂಬರ್‌ನಲ್ಲಿ ಈಲಿಂಗ್ ಆರ್ಟ್ ಕಾಲೇಜ್ ಸೇರಿದ. ಅದೇ ತಿಂಗಳು ಅಮೆರಿಕದಿಂದ ಒಬ್ಬ ಗಿಟಾರಿಸ್ಟ್ ಲಂಡನ್ನಿಗೆ ಬಂದಿಳಿದ. ಜಿಮಿ ಹೆಂಡ್ರಿಕ್ಸ್. ಫ್ರೆಡ್ಡಿಗೆ ಹುಚ್ಚೇ ಹಿಡಿಯಿತು. ಹೆಂಡ್ರಿಕ್ಸ್ ಕಚೇರಿ ಎಲ್ಲಿದ್ದರೆ ಅಲ್ಲಿಗೆ ಹೋಗುತ್ತಿದ್ದ. ಕಾಲೇಜಿನಲ್ಲಿ ಅವನದೇ ಚಿತ್ರಗಳನ್ನು ಮತ್ತೆ ಮತ್ತೆ ಬಿಡಿಸುತ್ತಿದ್ದ. ಕೈಯಲ್ಲಿ ಒಂದು ಸ್ಕೇಲ್ ಹಿಡಿದು ಅದನ್ನೇ ಗಿಟಾರ್ ಮಾಡಿಕೊಂಡು ಹೆಂಡ್ರಿಕ್ಸ್ ಥರ ಆಡುತ್ತಿದ್ದ ಅಂತ ಸಹಪಾಠಿಗಳು ಹೇಳಿದ್ದಾರೆ. ಗಿಟಾರಿಸ್ಟನನ್ನು ಮೆಚ್ಚಿದ ಹುಡುಗ ಅವನಿಂದ ಕಲಿತದ್ದು ಗಿಟಾರ್ ಅಲ್ಲ. ವೇದಿಕೆಯ ಮೇಲೆ ಒಬ್ಬ ಕಪ್ಪು ಮನುಷ್ಯ, ಬಿಳಿಯರ ಊರಿನಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಹೇಗೆ ನಿಲ್ಲಬಹುದು ಅನ್ನುವುದನ್ನು ಕಲಿತ. ಇದು ನನ್ನ ಅನಿಸಿಕೆ. ಆದರೆ ಜಾಂಜಿಬಾರ್‌ನಿಂದ ಬಂದ ಹುಡುಗನಿಗೆ ಅದು ಕಾಣದೆ ಹೋಗಲು ಸಾಧ್ಯವೇ ಇಲ್ಲ.

ಕಾಲೇಜಿನಲ್ಲಿ ಟಿಮ್ ಸ್ಟ್ಯಾಫೆಲ್ ಅನ್ನುವ ಗೆಳೆಯನಿದ್ದ. ಸ್ಮೈಲ್ ಅನ್ನುವ ಬ್ಯಾಂಡಿನಲ್ಲಿ ಹಾಡುತ್ತಿದ್ದ, ಬೇಸ್ ನುಡಿಸುತ್ತಿದ್ದ. ಗಿಟಾರಿಗೆ ಬ್ರಯನ್ ಮೇ, ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಡ್ರಮ್ಸ್‌ಗೆ ರೋಜರ್ ಟೇಲರ್, ದಂತವೈದ್ಯನಾಗಲು ಬಂದವನು. ಟಿಮ್ ಫ್ರೆಡ್ಡಿಯನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ. ಅಲ್ಲಿಂದ ಮುಂದೆ ಫ್ರೆಡ್ಡಿ ಸ್ಮೈಲ್‌ನ ನೆರಳು. ಅವರು ಎಲ್ಲಿ ನುಡಿಸಿದರೆ ಅಲ್ಲಿ ಇವನು ಹಾಜರ್. ಬಟ್ಟೆ ಹೀಗೆ ಹಾಕಬೇಕು, ಹೀಗೆ ನಿಲ್ಲಬೇಕು, ಜನರಿಗೆ ಬೆನ್ನು ತೋರಿಸಬಾರದು ಅಂತ ಹೇಳುತ್ತಲೇ ಇರುತ್ತಿದ್ದ. ನಾನು ನಿಮ್ಮ ಹಾಡುಗಾರನಾಗಿದ್ದರೆ ಹೇಗೆ ಮಾಡಬೇಕೆಂದು ತೋರಿಸುತ್ತಿದ್ದೆ ಅನ್ನುವ ಅರ್ಥದ ಮಾತು ಆಡುತ್ತಿದ್ದನಂತೆ. ಬ್ರಯನ್ ಮೇ ಇದನ್ನು ಪ್ರೀತಿಯಿಂದ ನೆನೆಯುತ್ತಾರೆ. ಆದರೆ ಆಗ ಅವರ್ಯಾರೂ ಇವನನ್ನು ಹಾಡುಗಾರ ಅಂತ ನೋಡಿರಲಿಲ್ಲ.

1969ರಲ್ಲಿ ಗ್ರಾಫಿಕ್ ಡಿಸೈನ್ ಡಿಪ್ಲೊಮಾ ಸಿಕ್ಕಿತು. ಕೆಲಸ ಸಿಗಲಿಲ್ಲ, ಅಥವಾ ಅವನಿಗೆ ಬೇಕಾದ ಕೆಲಸ ಅದಾಗಿರಲಿಲ್ಲ. ರೋಜರ್ ಜೊತೆ ಸೇರಿ ಕೆನ್ಸಿಂಗ್ಟನ್ ಮಾರ್ಕೆಟ್‌ನಲ್ಲಿ ಒಂದು ಚಿಕ್ಕ ಮಳಿಗೆ ಹಿಡಿದ. ಮೊದಲು ಕಾಲೇಜಿನ ಗೆಳೆಯರ ಚಿತ್ರಗಳು, ಆಮೇಲೆ ಹಳೆಯ ಬಟ್ಟೆಗಳು. ಮಖಮಲ್ಲಿನ ಕೋಟು, ಉಣ್ಣೆಯ ಶಾಲು, ಹಳೇ ಕಾಲದ ಲೇಸು. ಮನೆ ಕಳೆದುಕೊಂಡು ಬಂದ ಹುಡುಗ ಬೇರೆಯವರು ಬಿಟ್ಟುಹೋದ ಅಂಗಿಗಳನ್ನು ಕೊಡವಿ ಇಸ್ತ್ರಿ ಮಾಡಿ ತೂಗುಹಾಕುತ್ತಿದ್ದಾನೆ. ಅದರಲ್ಲಿ ಚೆಂದದ್ದನ್ನು ತಾನೇ ತೊಟ್ಟು ನಿಲ್ಲುತ್ತಿದ್ದಾನೆ. ಈ ಚಿತ್ರ ನನಗೆ ಬಹಳ ಇಷ್ಟ.

ಆ ಬೇಸಗೆಯಲ್ಲೇ ಬಾಗಿಲು ತೆರೆದದ್ದು. ಲಿವರ್‌ಪೂಲ್‌ನಿಂದ ಐಬೆಕ್ಸ್ ಅನ್ನುವ ಮೂರು ಜನರ ಬ್ಯಾಂಡ್ ಲಂಡನ್ನಿಗೆ ಬಂದಿತ್ತು. ಗಿಟಾರ್ ಚೆನ್ನಾಗಿತ್ತು, ಹಾಡುಗಾರಿಕೆ ಸಪ್ಪೆ. ಆಗಸ್ಟ್ 13ರಂದು ಫ್ರೆಡ್ಡಿ ಅವರನ್ನು ಭೇಟಿಯಾದ. ಹತ್ತೇ ದಿನದಲ್ಲಿ ಅವರ ಎಲ್ಲ ಹಾಡುಗಳನ್ನೂ ಬಾಯಿಪಾಠ ಮಾಡಿಕೊಂಡ. ವ್ಯಾನಿನಲ್ಲಿ ಗೆಳೆಯರು, ಸಾಮಾನು ಎಲ್ಲ ತುಂಬಿಕೊಂಡು ಉತ್ತರಕ್ಕೆ ಹೊರಟರು. 1969ರ ಆಗಸ್ಟ್ 23, ಬೋಲ್ಟನ್ ಊರಿನ ಆಕ್ಟಗನ್ ಥಿಯೇಟರ್, ಮಧ್ಯಾಹ್ನದ ಹೊತ್ತು. ಹಾಡುಗಾರನಾಗಿ ಬ್ಯಾಂಡಿನ ಮುಂದೆ ನಿಂತ ಮೊದಲ ದಿನ ಅದು. ಮರುದಿನ ಅದೇ ಊರಿನ ಕ್ವೀನ್ಸ್ ಪಾರ್ಕಿನಲ್ಲಿ ಬಯಲು ಕಚೇರಿ. ಇನ್ನೂ 23 ತುಂಬಿರಲಿಲ್ಲ.

ಆ ದಿನಗಳ ಕತೆಗಳಲ್ಲಿ ಮೈಕಿನದು ಎಲ್ಲರಿಗೂ ಗೊತ್ತು. ಐಬೆಕ್ಸ್ ಹೆಸರು ಬದಲಾಗಿ ರೆಕೇಜ್ ಆಗಿತ್ತು. ಒಂದು ಕಚೇರಿಯಲ್ಲಿ ಅವನು ಮೈಕ್ ಸ್ಟ್ಯಾಂಡನ್ನು ತಿರುಗಿಸುತ್ತಿದ್ದಾಗ ಅದರ ಭಾರದ ಅಡಿಭಾಗ ಕಳಚಿ ಬಿತ್ತು. ಹಾಡು ನಿಲ್ಲಿಸಿ ಅದನ್ನು ಜೋಡಿಸುವ ಬದಲು ಕೈಯಲ್ಲಿ ಉಳಿದ ಅರ್ಧ ಕೋಲನ್ನೇ ಹಿಡಿದು ಹಾಡು ಮುಗಿಸಿದ. ಕೋಲು ಹಗುರವಾಗಿತ್ತು. ಎತ್ತಬಹುದು, ಬೀಸಬಹುದು, ಗಿಟಾರ್ ಥರ ಹಿಡಿಯಬಹುದು. ಕಾಲೇಜಿನಲ್ಲಿ ಸ್ಕೇಲ್ ಹಿಡಿದು ಆಡಿದ ಕೈಗೆ ಸಿಗಬೇಕಾದದ್ದು ಸಿಕ್ಕಿತ್ತು. ಅಲ್ಲಿಂದ ವೆಂಬ್ಲಿಯವರೆಗೆ ಅದೇ ಅರ್ಧ ಕೋಲು.

ದನಿ? ಆಗ ಅದು ಪಳಗಿರಲಿಲ್ಲ. ಜೊತೆಯವರೇ ಹೇಳಿದ್ದಾರೆ, ಶಕ್ತಿ ಇತ್ತು, ಆದರೆ ಕುರಿ ಅರಚಿದ ಹಾಗೆ ನಡುಗುತ್ತಿತ್ತು ಅಂತ. ಸ್ಟುಡಿಯೋದಲ್ಲಿ ತನ್ನ ದನಿಯನ್ನು ಟೇಪಿನಲ್ಲಿ ಕೇಳಿಸಿಕೊಂಡು, ಸರಿ ಇಲ್ಲ ಅಂತ ಮತ್ತೆ ಹಾಡಿ, ಮತ್ತೆ ಕೇಳಿ ತಿದ್ದಿಕೊಂಡ. ಯಾರೂ ಕಲಿಸಲಿಲ್ಲ. 2016ರಲ್ಲಿ ಕೆಲವು ಧ್ವನಿವಿಜ್ಞಾನಿಗಳು ಅವನ ಹಾಡು, ಮಾತುಗಳನ್ನು ಅಳತೆ ಮಾಡಿ ನೋಡಿದರು. ಮಾತಿನ ದನಿ ಸೆಕೆಂಡಿಗೆ ಸುಮಾರು 117 ಕಂಪನ, ಅಂದರೆ ಹುಟ್ಟಾ ಮಂದ್ರದ ಕಡೆಯ ಗಂಡು ದನಿ. ಆದರೂ ಹಾಡಿದ್ದು ತಾರದಲ್ಲಿ. ಹಾಡುವಾಗಿನ ಆ ನಡುಕ ಸೆಕೆಂಡಿಗೆ ಸುಮಾರು 7 ಸಲ. ಬೇರೆ ಹಾಡುಗಾರರಿಗಿಂತ ವೇಗ. ಮೊದಲು ಕುರಿಯ ದನಿ ಅನ್ನಿಸಿದ್ದನ್ನು ಅವನು ಬಿಟ್ಟುಕೊಡಲಿಲ್ಲ. ಪಳಗಿಸಿ ಇಟ್ಟುಕೊಂಡ. ಹಲ್ಲಿನ ಹಾಗೆಯೇ.

ರೆಕೇಜ್ ಹೆಚ್ಚು ದಿನ ಬಾಳಲಿಲ್ಲ. 1970ರ ಶುರುವಿನಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಸೌರ್ ಮಿಲ್ಕ್ ಸೀ ಅನ್ನುವ ಇನ್ನೊಂದು ಬ್ಯಾಂಡ್ ಸೇರಿದ. ಅದೂ ಒಂದೆರಡು ತಿಂಗಳಲ್ಲಿ ಒಡೆಯಿತು. ಏಪ್ರಿಲ್ ಹೊತ್ತಿಗೆ ಸ್ಮೈಲ್‌ನಿಂದ ಟಿಮ್ ಹೊರನಡೆದ.

ಒಂದು ವರ್ಷ ನಮ್ಮೂರ ಜಾತ್ರೆಯ ರಾತ್ರಿ ಸತ್ಯಭಾಮೆ ಪಾತ್ರದವರಿಗೆ ಜ್ವರ ಬಂದು ಗಂಟಲು ಕಟ್ಟಿತು. ಆಟ ನಿಂತಿತು ಅಂತಲೇ ಎಲ್ಲರೂ ಅಂದುಕೊಂಡರು. ಜನ ಚಾಪೆ ಸುತ್ತತೊಡಗಿದ್ದರು. ಮಾಸ್ತರ ಪೇಟಿ ಬಿಟ್ಟು ಏಳಲಿಲ್ಲ, ಮುಖಕ್ಕೆ ಬಣ್ಣ ಹಚ್ಚಲಿಲ್ಲ. ಕೂತಲ್ಲಿಂದಲೇ ಸತ್ಯಭಾಮೆಯ ಪದ ಎತ್ತಿಕೊಂಡರು. ಎಪ್ಪತ್ತರ ಒರಟು ದನಿ. ಒಂದು ಪದವೂ ತಪ್ಪಲಿಲ್ಲ. ಸುತ್ತಿದ ಚಾಪೆಗಳು ಮತ್ತೆ ಬಿಚ್ಚಿದವು. ಬೆಳಗಿನವರೆಗೆ ಆಟ ನಡೆಯಿತು.

ಟಿಮ್ ಹೋದಾಗ ಬ್ರಯನ್, ರೋಜರ್ ಹೊರಗೆ ಹುಡುಕಬೇಕಾಗಲಿಲ್ಲ. ಸ್ಮೈಲ್‌ನ ಹಾಡುಗಳೆಲ್ಲ ಫ್ರೆಡ್ಡಿಗೆ ಬಾಯಿಗೇ ಬರುತ್ತಿದ್ದವು. ಎಷ್ಟು ರಾತ್ರಿ ಕೆಳಗೆ ನಿಂತು ಕೇಳಿರಲಿಲ್ಲ ಅವನು. ಬ್ಯಾಂಡಿಗೆ ಕ್ವೀನ್ ಅಂತ ಹೆಸರಿಟ್ಟವನು ಅವನೇ. ಆರ್ಟ್ ಕಾಲೇಜಿನ ಓದು ಇಲ್ಲಿ ಕೆಲಸಕ್ಕೆ ಬಂತು. ಬ್ಯಾಂಡಿನ ಲಾಂಛನವನ್ನೂ ಮುಂದೆ ಅವನೇ ಬರೆದ. ನಾಲ್ವರ ರಾಶಿಗಳಿಗೆ ತಕ್ಕಂತೆ ಎರಡು ಸಿಂಹ, ಒಂದು ಏಡಿ, ಕನ್ಯಾರಾಶಿಯ ತನಗೆ ಇಬ್ಬರು ಕಿನ್ನರಿಯರು.

ತನ್ನ ಹೆಸರನ್ನೂ ಆಗಲೇ ಬದಲಿಸಿಕೊಂಡ. ಬಲ್ಸಾರಾ ಹೋಗಿ ಮರ್ಕ್ಯುರಿ. ಅವನದೇ ಹಾಡು ‘ಮೈ ಫೇರಿ ಕಿಂಗ್’ನಲ್ಲಿ ತಾಯಿ ಮರ್ಕ್ಯುರಿಯನ್ನು ಕರೆಯುವ ಒಂದು ಸಾಲು ಬರುತ್ತದೆ. ಆ ಮರ್ಕ್ಯುರಿಯ ಮಗ ತಾನು ಅಂದುಕೊಂಡ. ನಮ್ಮಲ್ಲಿ ಒಂದು ಕಡೆ ನಿಲ್ಲದ ಚುರುಕು ಹುಡುಗನಿಗೆ ಪಾದರಸ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಮರ್ಕ್ಯುರಿ ಅಂದರೂ ಪಾದರಸವೇ. ಅಂಗೈಯಲ್ಲಿ ಹಿಡಿದರೆ ಜಾರುತ್ತದೆ, ಚೆಲ್ಲಿದರೆ ಒಡೆದು ಗುಂಡಾಗುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಜಾಂಜಿಬಾರ್, ಪಂಚಗಣಿ, ಬೊಂಬಾಯಿ, ಫೆಲ್ತಮ್. ಅದಕ್ಕಿಂತ ಸರಿಯಾದ ಹೆಸರು ಅವನಿಗೆ ಇನ್ಯಾವುದಿದ್ದೀತು?

ಭಾರತದ ಬಗ್ಗೆ ಅವನು ಸಂದರ್ಶನಗಳಲ್ಲಿ ಮಾತಾಡಿದ್ದು ಬಹಳ ಕಡಿಮೆ. ಕಾಲೇಜಿನಲ್ಲಿದ್ದಾಗ ನನಗೆ ಇದು ನೋವು ಕೊಟ್ಟಿತ್ತು. ನಮ್ಮವನು, ನಮ್ಮನ್ನು ಬಚ್ಚಿಟ್ಟ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಕಂದು ಬಣ್ಣದವರನ್ನು ಬೀದಿಯಲ್ಲೇ ಹೀಯಾಳಿಸುತ್ತಿದ್ದ ಕಾಲದ ಲಂಡನ್ ಅದು. ಬಿಟ್ಟು ಬಂದ ಊರು ರಕ್ತದಲ್ಲಿ ಮುಳುಗಿತ್ತು. ಒಬ್ಬ ಹುಡುಗ ತನಗೆ ನಿಲ್ಲಲು ಒಂದು ಜಾಗ ಮಾಡಿಕೊಳ್ಳುವಾಗ ಯಾವ ಹೆಸರು ಹಿಡಿಯಬೇಕು, ಯಾವುದನ್ನು ಒಳಗಿಡಬೇಕು ಅನ್ನುವುದು ಅವನಿಗೆ ಬಿಟ್ಟ ಮಾತು. ಮನೆಯವರ ಜೊತೆ ನಂಟು ಕೊನೆಯವರೆಗೂ ಇತ್ತು. 1991ರ ನವೆಂಬರ್‌ನಲ್ಲಿ, 45ರ ವಯಸ್ಸಿಗೆ ಹೋದಾಗ ಅವನ ಅಂತ್ಯಸಂಸ್ಕಾರದಲ್ಲಿ ಮಂತ್ರ ಹೇಳಿದ್ದು ಪಾರ್ಸಿ ಪುರೋಹಿತರು. ಫರೋಖ್ ಎಲ್ಲೂ ಹೋಗಿರಲಿಲ್ಲ.

ಕ್ವೀನ್ ತಕ್ಷಣ ಗೆದ್ದುಬಿಡಲಿಲ್ಲ. ಬೇಸ್ ನುಡಿಸುವವರು ಒಬ್ಬರಾದ ಮೇಲೆ ಒಬ್ಬರು ಬಂದು ಹೋದರು. 1971ರಲ್ಲಿ ಜಾನ್ ಡೀಕನ್ ಬಂದ ಮೇಲೆ ನಾಲ್ಕು ಮಂದಿ ನಿಂತರು. ಹೊಸ ಸ್ಟುಡಿಯೋ ಒಂದರ ಉಪಕರಣ ಪರೀಕ್ಷೆಗೆ ಸದ್ದು ಮಾಡಿಕೊಟ್ಟು, ಅದಕ್ಕೆ ಬದಲಾಗಿ ಬಿಟ್ಟಿಯಾಗಿ ಡೆಮೋ ಮಾಡಿಸಿಕೊಂಡರು. ಮೊದಲ ಆಲ್ಬಂ ಧ್ವನಿಮುದ್ರಣ ನಡೆದದ್ದು ಇನ್ನೊಂದು ದೊಡ್ಡ ಸ್ಟುಡಿಯೋದಲ್ಲಿ, ಬೇರೆಯವರು ಬಿಟ್ಟುಹೋದ ಖಾಲಿ ಹೊತ್ತಿನಲ್ಲಿ, ರಾತ್ರಿಗಳಲ್ಲಿ. ಅದು ಹೊರಬಂದದ್ದು 1973ರ ಜುಲೈನಲ್ಲಿ. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ, ನಾನು ಅದಕ್ಕೆ ಹೋಗುವುದಿಲ್ಲ.

ನನ್ನ ಮನಸ್ಸು ನಿಲ್ಲುವುದು 1970ರ ಜೂನ್ 27ರಂದು. ಕಾರ್ನ್‌ವಾಲ್‌ನ ಟ್ರೂರೊ, ಸಿಟಿ ಹಾಲ್. ರೆಡ್ ಕ್ರಾಸ್ ಸಂಸ್ಥೆಗೆ ಹಣ ಕೂಡಿಸಲು ಒಂದು ಕಾರ್ಯಕ್ರಮ. ಬ್ಯಾಂಡ್ ಗೊತ್ತು ಮಾಡಿದ್ದು ರೋಜರ್‌ನ ಅಮ್ಮ. ಅವರು ಗೊತ್ತು ಮಾಡಿದಾಗ ಬ್ಯಾಂಡಿನ ಹೆಸರು ಸ್ಮೈಲ್ ಆಗಿತ್ತು. ಹಾಗಾಗಿ ಜನ ಬಂದದ್ದೂ ಸ್ಮೈಲ್ ಕೇಳಲು. ಆ ರಾತ್ರಿ ಅವನಿನ್ನೂ ಪೂರ್ತಿ ಕುದುರಿರಲಿಲ್ಲ, ಮುಂದಿನ ಆ ನಡಿಗೆ, ಆ ಠೀವಿ ಇನ್ನೂ ಬಂದಿರಲಿಲ್ಲ ಅಂತ ರೋಜರ್‌ನ ಅಮ್ಮ ನೆನೆದಿದ್ದರು. ಇರಬಹುದು. ಬ್ರಯನ್ ಒಂದು ಪಕ್ಕ, ಹಿಂದೆ ರೋಜರ್. ಇಷ್ಟು ದಿನ ಟಿಮ್ ನಿಲ್ಲುತ್ತಿದ್ದ ಜಾಗದಲ್ಲಿ 23 ವರ್ಷದ ಫ್ರೆಡ್ಡಿ, ಎದುರಿಗೆ ಅವನ ಹೆಸರೇ ಗೊತ್ತಿಲ್ಲದ ಜನ.